ಸಾಲಿಡ್ ಮಾಡೆಲ್‌ನಿಂದ ತಗಡಿನ ಡೆವಲಪ್‌ಮೆಂಟ್ ತೆಗೆಯುವುದು: ಒಂದು ಟ್ರೇ, ಮೊದಲಿನಿಂದ ಕೊನೆಯವರೆಗೆ

ಕಂಪ್ಯೂಟರಿನಲ್ಲಿ ಬರೆದ ಸಾಲಿಡ್ ಮಾಡೆಲ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಲೇಸರ್ ಕಟಿಂಗ್ ಮಷೀನಿಗೆ ಅದು ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾಗಿರುವುದು ಮಡಚುವ ಮೊದಲಿನ ಚಪ್ಪಟೆ ತಗಡಿನ ಆಕಾರ. ಬೆಂಡಿಂಗ್ ಮಾಡುವವರಿಗೆ ಅದರ ಮೇಲೆ ಎಲ್ಲೆಲ್ಲಿ ಮಡಚಬೇಕು ಎಂಬ ಗೆರೆಗಳೂ ಬೇಕು. ವರ್ಕ್‌ಶಾಪ್‌ಗಳಲ್ಲಿ ಇದನ್ನು ಡೆವಲಪ್‌ಮೆಂಟ್ ಅನ್ನುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಅನ್‌ಫೋಲ್ಡ್ ಒತ್ತಿದರೆ ಒಂದು ಡೆವಲಪ್‌ಮೆಂಟ್ ಬಂದೇ ಬರುತ್ತದೆ. ಮಡಚಿದ ಮೇಲೆ ಅಳತೆ ಕೂಡಿಬರುತ್ತದೋ ಇಲ್ಲವೋ ಎಂಬುದು ಅದಕ್ಕೂ ಮೊದಲು ನೀವು ತುಂಬಿದ ಮೂರು ಸಂಖ್ಯೆಗಳ ಮೇಲೆ ನಿಂತಿದೆ: ತಗಡಿನ ನಿಜವಾದ ದಪ್ಪ, ಬೆಂಡಿನ ಒಳ ರೇಡಿಯಸ್, ಕೆ ಫ್ಯಾಕ್ಟರ್. ಈ ಮೂರೂ ಸಿಗುವುದು ಬೆಂಡಿಂಗ್ ಮಷೀನಿನ ಬಳಿ. ಅದಕ್ಕೇ ಈ ಲೇಖನ ಅಲ್ಲಿಂದಲೇ ಶುರುವಾಗುತ್ತದೆ.

ಉದಾಹರಣೆಗೆ ಒಂದು ಸಾದಾ ಟ್ರೇ ತೆಗೆದುಕೊಳ್ಳೋಣ. ಹೊರ ಅಳತೆ ಉದ್ದ 200 ಮಿ.ಮೀ., ಅಗಲ 120, ಎತ್ತರ 40. 1.5 ಮಿ.ಮೀ. ದಪ್ಪದ ಸಿಆರ್‌ಸಿಎ (ತಣ್ಣಗೆ ರೋಲ್ ಮಾಡಿ ಹದಗೊಳಿಸಿದ ಮೈಲ್ಡ್ ಸ್ಟೀಲ್) ತಗಡು, ನಾಲ್ಕೂ ಬದಿ 90 ಡಿಗ್ರಿ ಮೇಲಕ್ಕೆ ಮಡಚಿದ್ದು, ಮೇಲ್ಭಾಗ ತೆರೆದಿದೆ. ಸಾಫ್ಟ್‌ವೇರ್ ಫ್ರೀಕ್ಯಾಡ್. ದುಡ್ಡು ಕೊಡಬೇಕಾಗಿಲ್ಲ, 2024ರ ನವೆಂಬರ್‌ನಲ್ಲಿ 1.0 ಆವೃತ್ತಿ ಬಂದಿದೆ. ಟೂಲ್ಸ್ ಮೆನುವಿನ ಆಡ್‌ಆನ್ ಮ್ಯಾನೇಜರ್‌ನಲ್ಲಿ ಶೀಟ್‌ಮೆಟಲ್ ಎಂದು ಹುಡುಕಿ ಇನ್‌ಸ್ಟಾಲ್ ಮಾಡಿ, ಪ್ರೋಗ್ರಾಂ ಮುಚ್ಚಿ ತೆರೆದರೆ ಶೀಟ್‌ಮೆಟಲ್ ವರ್ಕ್‌ಬೆಂಚ್ ಪಟ್ಟಿಯಲ್ಲಿ ಕಾಣುತ್ತದೆ.

ಮೊದಲ ಹೆಜ್ಜೆ: ಮೂರು ಸಂಖ್ಯೆ

ದಪ್ಪವನ್ನು ಗೇಜ್‌ನಲ್ಲಿ ಹೇಳಿದರೆ ನಂಬಿ ಕೂರಬೇಡಿ. 16 ಗೇಜ್ ಎಂದರೆ ಬ್ರಿಟಿಷ್ ಎಸ್‌ಡಬ್ಲ್ಯೂಜಿ ಪಟ್ಟಿಯಲ್ಲಿ 1.626 ಮಿ.ಮೀ., ಅಮೆರಿಕದ ಉಕ್ಕಿನ ತಗಡಿನ ಪಟ್ಟಿಯಲ್ಲಿ 1.519 ಮಿ.ಮೀ. ಹೆಸರು ಒಂದೇ, ತಗಡು ಬೇರೆ. ಕಟಿಂಗ್‌ಗೆ ಹೋಗುವ ಶೀಟನ್ನೇ ಮೈಕ್ರೋಮೀಟರ್‌ನಲ್ಲಿ ಅಳೆದು, ಡ್ರಾಯಿಂಗ್ ಮೇಲೆ ಮಿ.ಮೀ.ನಲ್ಲೇ ಬರೆಯಿರಿ. ಅಂಚಿನಲ್ಲಿ ಬರ್ (ಕತ್ತರಿಸುವಾಗ ಎದ್ದು ನಿಂತ ಚೂಪು ಚೂರು) ಇದ್ದರೆ ಅಳತೆ ಹೆಚ್ಚು ತೋರಿಸುತ್ತದೆ, ಆದ್ದರಿಂದ ಒಂದಿಷ್ಟು ಒಳಗೆ ಹಿಡಿದು ಅಳೆಯಿರಿ.

ಒಳ ರೇಡಿಯಸ್ ವಿಷಯದಲ್ಲಿ ಎಡವುವವರೇ ಹೆಚ್ಚು. ಸಾಫ್ಟ್‌ವೇರ್ ಕೇಳುತ್ತದೆ, ನಾವು 1 ಎಂದು ತುಂಬಿ ಮುಂದೆ ಹೋಗುತ್ತೇವೆ. ಪ್ರೆಸ್ ಬ್ರೇಕ್‌ನಲ್ಲಿ, ಅಂದರೆ ಮೇಲಿನ ಪಂಚ್ ತಗಡನ್ನು ಕೆಳಗಿನ ಡೈಗೆ ಒತ್ತಿ ಮಡಚುವ ಮಷೀನಿನಲ್ಲಿ, ಸಾಮಾನ್ಯವಾಗಿ ನಡೆಯುವುದು ಏರ್ ಬೆಂಡಿಂಗ್: ತಗಡು ಡೈನ ತಳ ಮುಟ್ಟುವುದಿಲ್ಲ, ವಿ ಆಕಾರದ ಬಾಯಿಯ ಎರಡು ಭುಜ ಮತ್ತು ಪಂಚ್‌ನ ಮೂಗು, ಈ ಮೂರೇ ಕಡೆ ತಾಗಿ ಬಾಗುತ್ತದೆ. ಹಾಗಾಗಿ ಒಳ ರೇಡಿಯಸ್ ಎಷ್ಟು ಬರಬೇಕೆಂದು ತೀರ್ಮಾನಿಸುವುದು ಡೈ ಬಾಯಿಯ ಅಗಲ. ಪಂಚ್‌ನ ಮೂಗು ಅದಕ್ಕಿಂತ ಚಿಕ್ಕದಿದ್ದರೆ ಅದರ ಪ್ರಭಾವ ಅಷ್ಟಿಲ್ಲ. ಮೈಲ್ಡ್ ಸ್ಟೀಲ್‌ಗೆ ಒಳ ರೇಡಿಯಸ್ ಡೈ ಬಾಯಿಯ ಸುಮಾರು ಆರನೇ ಒಂದು ಭಾಗ, ಸ್ಟೇನ್‌ಲೆಸ್‌ಗೆ ಐದನೇ ಒಂದು ಭಾಗದ ಹತ್ತಿರ. ತೆಳು ತಗಡಿಗೆ ದಪ್ಪದ ಎಂಟು ಪಟ್ಟು ಬಾಯಿಯ ಡೈ ಹಾಕುವುದು ರೂಢಿ. ನಮ್ಮ 1.5 ತಗಡಿಗೆ 12 ಮಿ.ಮೀ. ಡೈ, ಅಂದರೆ ಒಳ ರೇಡಿಯಸ್ 2 ಮಿ.ಮೀ. ಪೀಣ್ಯದಲ್ಲೋ ಇನ್ನೆಲ್ಲೋ ಜಾಬ್ ವರ್ಕ್‌ಗೆ ಕೊಡುವುದಾದರೆ ‘1.5 ಸಿಆರ್‌ಗೆ ಯಾವ ಡೈ ಹಾಕ್ತೀರಿ?’ ಎಂಬ ಒಂದು ಪ್ರಶ್ನೆಯನ್ನು ಮಾಡೆಲ್ ಶುರು ಮಾಡುವ ಮೊದಲೇ ಕೇಳಿ. ಅವರ ಬಳಿ 12ರ ಡೈ ಇಲ್ಲದೆ 16ರದ್ದು ಹಾಕಿದರೆ ರೇಡಿಯಸ್ ಸುಮಾರು 2.7 ಆಗುತ್ತದೆ, ಡೆವಲಪ್‌ಮೆಂಟ್ ಬೇರೆಯೇ ಆಗುತ್ತದೆ.

ಇನ್ನು ಕೆ ಫ್ಯಾಕ್ಟರ್. ತಗಡು ಬಾಗುವಾಗ ಹೊರ ಮೈ ಎಳೆದುಕೊಳ್ಳುತ್ತದೆ, ಒಳ ಮೈ ಒತ್ತಿಕೊಳ್ಳುತ್ತದೆ. ನಡುವೆ ಎಲ್ಲೋ ಒಂದು ಪದರ ಉದ್ದವೂ ಆಗದೆ ಗಿಡ್ಡವೂ ಆಗದೆ ಉಳಿಯುತ್ತದೆ. ಒಳ ಮೈಯಿಂದ ಆ ಪದರಕ್ಕೆ ಇರುವ ದೂರವನ್ನು ದಪ್ಪದಿಂದ ಭಾಗಿಸಿದರೆ ಬರುವುದೇ ಕೆ. ನಟ್ಟನಡುವೆ ಇದ್ದಿದ್ದರೆ 0.5. ಬಾಗುವಿಕೆ ಬಿಗಿಯಾದಷ್ಟೂ ಪದರ ಒಳಮೈ ಕಡೆಗೆ ಸರಿಯುತ್ತದೆ, ಅದಕ್ಕೇ ನಿಜವಾದ ಬೆಂಡುಗಳಲ್ಲಿ 0.5ಕ್ಕಿಂತ ಕಡಿಮೆ ಬರುತ್ತದೆ.

ಇದನ್ನು ಪುಸ್ತಕದ ಕೋಷ್ಟಕದಿಂದ ಎತ್ತಿಕೊಳ್ಳುವುದಕ್ಕಿಂತ ಒಂದು ತಗಡಿನ ಪಟ್ಟಿ ಮಡಚಿ ನೋಡುವುದು ಸಾವಿರ ಪಾಲು ಮೇಲು. ಅದೇ ಶೀಟಿನಿಂದ 100 × 30 ಮಿ.ಮೀ. ಪಟ್ಟಿ ಕತ್ತರಿಸಿ. ಕತ್ತರಿಸಿದ ಮೇಲೆ ಉದ್ದವನ್ನು ಡಿಜಿಟಲ್ ವರ್ನಿಯರ್‌ನಲ್ಲಿ ಅಳೆದು ಪಟ್ಟಿಯ ಮೇಲೇ ಬರೆದಿಡಿ. ಅದೇ ಡೈನಲ್ಲಿ ನಡುವೆ ಸರಿಯಾಗಿ 90 ಡಿಗ್ರಿ ಮಡಚಿ, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡಿ. ಒಂದು ಡಿಗ್ರಿ ಹೆಚ್ಚುಕಡಿಮೆಯಾದರೂ ಲೆಕ್ಕ ಹಾಳು. ಈಗ ಎರಡೂ ಕಾಲುಗಳ ಹೊರ ಅಳತೆ ತೆಗೆಯಿರಿ. 51.42 ಮತ್ತು 51.45 ಬಂತು ಎಂದುಕೊಳ್ಳಿ. ಕೂಡಿದರೆ 102.87. ಪಟ್ಟಿ ಇದ್ದದ್ದು 100. ಹೆಚ್ಚಾಗಿ ಕಾಣುವ 2.87 ಮಿ.ಮೀ.ಯೇ ಒಂದು ಬೆಂಡಿನ ಬೆಂಡ್ ಡಿಡಕ್ಷನ್: ಹೊರ ಅಳತೆಗಳ ಮೊತ್ತದಿಂದ ಪ್ರತಿ ಬೆಂಡಿಗೂ ಕಳೆಯಬೇಕಾದ ಸಂಖ್ಯೆ.

ಇದರಿಂದ ಕೆ ತೆಗೆಯುವ ಲೆಕ್ಕ 90 ಡಿಗ್ರಿ ಬೆಂಡಿಗೆ ಹೀಗೆ (ಬೆಂಡ್ ಅಲೋಯೆನ್ಸ್ ಎಂದರೆ ಬಾಗಿದ ಜಾಗದಲ್ಲಿ ಆ ಬದಲಾಗದ ಪದರದ ಉದ್ದ):

ಬೆಂಡ್ ಅಲೋಯೆನ್ಸ್ = 2 × (ರೇಡಿಯಸ್ + ದಪ್ಪ) − ಬೆಂಡ್ ಡಿಡಕ್ಷನ್ = 2 × 3.5 − 2.87 = 4.13
ಕೆ = (ಬೆಂಡ್ ಅಲೋಯೆನ್ಸ್ ÷ 1.5708 − ರೇಡಿಯಸ್) ÷ ದಪ್ಪ = (2.629 − 2) ÷ 1.5 = 0.42

ಇಲ್ಲಿ 1.5708 ಎಂದರೆ ಪೈನ ಅರ್ಧ. ಒಳ ರೇಡಿಯಸ್ಸನ್ನು ರೇಡಿಯಸ್ ಗೇಜ್ ಇಟ್ಟು ಖಚಿತ ಮಾಡಿಕೊಳ್ಳಿ. ಇನ್ನೊಂದು ಮಾತು: ಶೀಟಿಗೆ ರೋಲಿಂಗ್ ದಿಕ್ಕು ಇರುತ್ತದೆ. ಬೆಂಡಿನ ಗೆರೆ ಅದಕ್ಕೆ ಅಡ್ಡವಾಗಿದ್ದರೆ ಒಂದು ರೀತಿ, ಉದ್ದಕ್ಕೆ ಇದ್ದರೆ ಇನ್ನೊಂದು ರೀತಿ ಬಾಗುತ್ತದೆ. ಗಟ್ಟಿ ಜಾತಿಯ ಅಲ್ಯೂಮಿನಿಯಂನಲ್ಲಂತೂ ಉದ್ದಕ್ಕೆ ಮಡಚಿದರೆ ಹೊರ ಮೈ ಸೀಳುವುದೂ ಉಂಟು. ಎರಡು ದಿಕ್ಕಿಗೂ ಒಂದೊಂದು ಪಟ್ಟಿ ಮಡಚಿ ನೋಡಲು ಹತ್ತು ನಿಮಿಷ ಸಾಕು.

ಕೈಲೆಕ್ಕ ಮೊದಲೇ ಹಾಕಿಡಿ

ಉದ್ದದ ದಿಕ್ಕಿನಲ್ಲಿ 40 + 200 + 40 = 280. ಎರಡು ಬೆಂಡು, ಪ್ರತಿಯೊಂದಕ್ಕೆ 2.87 ಕಳೆದರೆ 274.26. ಅಗಲದಲ್ಲಿ 40 + 120 + 40 = 200, ಕಳೆದರೆ 194.26. ಬೆಂಡಿನ ಗೆರೆ ಅಂಚಿನಿಂದ 40 − 1.435 (2.87ರ ಅರ್ಧ), ಅಂದರೆ ಸುಮಾರು 38.57 ಮಿ.ಮೀ. ದೂರದಲ್ಲಿ ಬೀಳಬೇಕು. ಈ ಮೂರು ಅಳತೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಕಂಪ್ಯೂಟರ್ ಮುಂದೆ ಕೂರಿ.

ತಪ್ಪು ಸಂಖ್ಯೆ ತುಂಬಿದರೆ ಎಷ್ಟು ಕೆಡುತ್ತದೆ ಎಂದು ಇದೇ ಟ್ರೇನಲ್ಲಿ ನೋಡಿ. ರೇಡಿಯಸ್ 2ರ ಬದಲು 1 ಹಾಕಿದರೆ ಉದ್ದ 275.12 ಬರುತ್ತದೆ, 0.86 ಹೆಚ್ಚು. ಕೆ 0.42ರ ಬದಲು 0.33 ಹಾಕಿದರೆ 273.84, 0.5 ಹಾಕಿದರೆ 274.64. ಎರಡೇ ಬೆಂಡಿಗೆ ಇಷ್ಟು. ಎಂಟು ಬೆಂಡಿನ ಬಾಕ್ಸ್‌ಗೆ ಮುಚ್ಚಳ ಕೂರದಿರುವುದು ಹೀಗೆಯೇ.

ಎರಡನೇ ಹೆಜ್ಜೆ: ಮಾಡೆಲ್ಲನ್ನು ತಗಡಿನ ಹದಕ್ಕೆ ತರುವುದು

ಅನ್‌ಫೋಲ್ಡ್ ಒಪ್ಪುವುದು ಒಂದೇ ದಪ್ಪದ ಗೋಡೆಗಳನ್ನು, ಮತ್ತು ಅವುಗಳನ್ನು ಸೇರಿಸುವ ಒಳಹೊರಗು ಒಂದೇ ಕೇಂದ್ರದ ದುಂಡನೆ ಬೆಂಡುಗಳನ್ನು. ಗಟ್ಟಿ ಇಟ್ಟಿಗೆಯಂಥ ಮಾಡೆಲ್ ಇದ್ದರೆ ಹೀಗೆ ಮಾಡಿ.

1. ಪಾರ್ಟ್ ಡಿಸೈನ್‌ನಲ್ಲಿ 200 × 120 × 40 ಬ್ಲಾಕ್ ಮಾಡಿ. ಮೇಲಿನ ಮುಖವನ್ನು ಆರಿಸಿ ಥಿಕ್‌ನೆಸ್ ಟೂಲ್ ಒತ್ತಿ. ದಪ್ಪ 1.5, ದಿಕ್ಕು ಒಳಕ್ಕೆ. ಹೊರಕ್ಕೆ ಬಿಟ್ಟರೆ ಹೊರ ಅಳತೆ 203 × 123 ಆಗಿಬಿಡುತ್ತದೆ. ಜಾಯಿನ್ ಟೈಪ್ ಇಂಟರ್‌ಸೆಕ್ಷನ್ ಇರಲಿ. ಈಗ ಚೂಪು ಮೂಲೆಗಳ ಒಂದು ಡಬ್ಬಿ ಸಿಗುತ್ತದೆ.

2. ಶೀಟ್‌ಮೆಟಲ್ ವರ್ಕ್‌ಬೆಂಚ್‌ಗೆ ಬನ್ನಿ. ತಳದ ನಾಲ್ಕು ಮೂಲೆಬಿಂದುಗಳನ್ನು ಆರಿಸಿ ಮೇಕ್ ರಿಲೀಫ್ ಕೊಡಿ. ಎರಡು ಬೆಂಡು ಒಂದೇ ಬಿಂದುವಿನಲ್ಲಿ ಸೇರುವ ಜಾಗದಲ್ಲಿ ತಗಡಿಗೆ ಬಾಗಲು ದಾರಿ ಇಲ್ಲದೆ ಹರಿಯುತ್ತದೆ ಅಥವಾ ಉಬ್ಬುತ್ತದೆ. ಅದನ್ನು ತಪ್ಪಿಸಲು ಆ ಮೂಲೆಯನ್ನೇ ಕತ್ತರಿಸಿ ತೆಗೆಯುವುದು ರಿಲೀಫ್. ರೇಡಿಯಸ್ ಮತ್ತು ದಪ್ಪ ಕೂಡಿ 3.5, ಆದ್ದರಿಂದ ರಿಲೀಫ್ 4 ಮಿ.ಮೀ. ಇಟ್ಟರೆ ಬೆಂಡಿನ ಜಾಗ ಪೂರ್ತಿ ಬಿಡುಗಡೆಯಾಗುತ್ತದೆ.

3. ನಾಲ್ಕು ನಿಂತ ಅಂಚುಗಳನ್ನು ಆರಿಸಿ ಮೇಕ್ ಜಂಕ್ಷನ್ ಕೊಡಿ. ಅಕ್ಕಪಕ್ಕದ ಗೋಡೆಗಳು ಇಲ್ಲಿ ಬೇರ್ಪಡುತ್ತವೆ. ವೆಲ್ಡ್ ಮಾಡುವುದಿದ್ದರೆ 0.5 ಮಿ.ಮೀ. ಸಂದು ಸಾಕು.

4. ತಳದ ನಾಲ್ಕು ಅಂಚುಗಳನ್ನು ಆರಿಸಿ ಮೇಕ್ ಬೆಂಡ್ ಕೊಟ್ಟು ರೇಡಿಯಸ್ 2 ತುಂಬಿ. ಆಮೇಲೆ ಒಳ ದುಂಡನ್ನೂ ಹೊರ ದುಂಡನ್ನೂ ಒಂದೊಂದು ಸಲ ಅಳೆದು ನೋಡಿ: ಒಳಗೆ 2.0, ಹೊರಗೆ 3.5 ಇರಬೇಕು. ಎರಡರ ಅಂತರ ದಪ್ಪಕ್ಕೆ ಸಮನಿಲ್ಲದಿದ್ದರೆ ಮುಂದೆ ಹೋಗಬೇಡಿ.

ಹೊಸದಾಗಿ ಮಾಡುವ ಭಾಗವಾದರೆ ಈ ಸುತ್ತು ಬೇಕಿಲ್ಲ. ತಳದ ಸ್ಕೆಚ್ ಬರೆದು ಬೇಸ್ ವಾಲ್ ಮಾಡಿ, ಅದರ ಅಂಚುಗಳಿಗೆ ಮೇಕ್ ವಾಲ್ ಕೊಡುತ್ತಾ ಹೋದರೆ ಬೆಂಡು, ರಿಲೀಫ್ ಜೊತೆಗೇ ಬರುತ್ತವೆ. ಮೇಲಿನ ದಾರಿ ಬೇಕಾಗುವುದು ಗಿರಾಕಿ ಕೈಗೆ ಸಿದ್ಧ ಸಾಲಿಡ್ ಕೊಟ್ಟಾಗ.

ಗಿರಾಕಿ ಕೊಟ್ಟ ಸ್ಟೆಪ್ ಫೈಲ್‌ನಲ್ಲಿ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಲಿಡ್ ಮಾಡೆಲ್ ಕಳಿಸುವ ಫೈಲ್) ಒಂದಲ್ಲ ಒಂದು ತೊಡಕು ಇದ್ದೇ ಇರುತ್ತದೆ. ಪಾರ್ಟ್ ವರ್ಕ್‌ಬೆಂಚ್‌ನ ಚೆಕ್ ಜಿಯಾಮೆಟ್ರಿಯಿಂದ ಶುರು ಮಾಡಿ. ಒಂದೇ ಮಟ್ಟದ ಮುಖ ಎರಡು ಮೂರು ತುಂಡಾಗಿ ಕಂಡರೆ ರಿಫೈನ್ ಶೇಪ್ ಕೊಟ್ಟು ಒಂದುಗೂಡಿಸಿ. ಒತ್ತಿ ಕೂರಿಸುವ ನಟ್ಟು, ವೆಲ್ಡ್ ಮಾಡಿದ ಸ್ಟಡ್, ಉಬ್ಬಿದ ಹೆಸರು, ಕೌಂಟರ್‌ಸಿಂಕ್ (ಸ್ಕ್ರೂ ತಲೆ ಕೂರಲು ತೂತಿನ ಬಾಯಿ ಅಗಲಿಸಿದ್ದು) ಇವೆಲ್ಲ ದಪ್ಪವನ್ನು ಕೆಡಿಸುತ್ತವೆ. ಡಿಫೀಚರಿಂಗ್ ಟೂಲ್‌ನಲ್ಲಿ ತೆಗೆದು, ತೂತು ಬೇಕಿರುವ ಕಡೆ ನೇರ ತೂತು ಮಾತ್ರ ಉಳಿಸಿ. ಕೌಂಟರ್‌ಸಿಂಕ್ ಆಮೇಲೆ ಡ್ರಿಲ್ಲಿಂಗ್‌ನಲ್ಲಿ ಹೇಗೂ ಆಗುತ್ತದೆ. ಎಸ್‌ಟಿಎಲ್ ಫೈಲ್ ಕಳಿಸಿದ್ದರೆ ವಾಪಸ್ ಕೇಳಿ ಸ್ಟೆಪ್ ತರಿಸಿಕೊಳ್ಳುವುದೇ ಲೇಸು. ಅದರಲ್ಲಿ ದುಂಡು ಎಂಬುದೇ ಇರುವುದಿಲ್ಲ, ಎಲ್ಲವೂ ಸಣ್ಣ ತ್ರಿಕೋನಗಳು.

ಮೂರನೇ ಹೆಜ್ಜೆ: ಬಿಡಿಸುವುದು

ಟ್ರೇನ ತಳದ ಚಪ್ಪಟೆ ಮುಖವನ್ನು ಆರಿಸಿ ಅನ್‌ಫೋಲ್ಡ್ ಒತ್ತಿ. ಯಾವ ಮುಖ ಆರಿಸುತ್ತೀರೋ ಆ ಮುಖದಿಂದ ನೋಡಿದಂತೆ ಚಿತ್ರ ಬರುತ್ತದೆ. ಬ್ರಷ್ ಫಿನಿಶ್ ಅಥವಾ ಪಿವಿಸಿ ಫಿಲ್ಮ್ ಹಚ್ಚಿದ ಸ್ಟೇನ್‌ಲೆಸ್‌ನಲ್ಲಿ ಇದನ್ನು ಗಮನಿಸದಿದ್ದರೆ ಚಂದದ ಮೈ ಒಳಗಾಗಿ ಗೀರಿನ ಮೈ ಹೊರಗೆ ಬರುತ್ತದೆ. ತೂತುಗಳು ಎಡಬಲ ಸಮವಾಗಿಲ್ಲದ ಭಾಗದಲ್ಲಿ ಇಡೀ ಭಾಗವೇ ಕನ್ನಡಿಬಿಂಬವಾಗಿ ಕೆಡುತ್ತದೆ.

ಕೆ ಫ್ಯಾಕ್ಟರ್ ಜಾಗದಲ್ಲಿ 0.42 ತುಂಬಿ. ಪಕ್ಕದಲ್ಲೇ ಅನ್ಸಿ (ಅಮೆರಿಕದ ಮಾನಕ), ಡಿನ್ (ಜರ್ಮನಿಯ ಮಾನಕ) ಎಂಬ ಎರಡು ಆಯ್ಕೆಗಳಿವೆ. ಇದು ಕಣ್ತಪ್ಪಿ ಹೋಗುವ ಜಾಗ. ಮೇಲೆ ನಾವು ಲೆಕ್ಕ ಹಾಕಿದ್ದು ಅನ್ಸಿ ಪದ್ಧತಿಯ ಕೆ. ಡಿನ್ ಪದ್ಧತಿಯಲ್ಲಿ ಅದೇ ಪದರವನ್ನು ಅರ್ಧ ದಪ್ಪಕ್ಕೆ ಹೋಲಿಸಿ ಹೇಳುತ್ತಾರೆ, ಹಾಗಾಗಿ ಸಂಖ್ಯೆ ಎರಡರಷ್ಟು: 0.84. ಡಿನ್ ಆಯ್ಕೆ ಇಟ್ಟುಕೊಂಡು 0.42 ತುಂಬಿದರೆ ಸಾಫ್ಟ್‌ವೇರ್ ಅದನ್ನು 0.21 ಎಂದು ತಿಳಿಯುತ್ತದೆ, ನಮ್ಮ ಟ್ರೇ 273.27ಕ್ಕೆ ಇಳಿಯುತ್ತದೆ. ಸುಮಾರು ಒಂದು ಮಿ.ಮೀ. ಗಿಡ್ಡ. ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ.

ಸ್ಕೆಚ್ ಬರಲಿ ಎಂಬ ಆಯ್ಕೆಗೆ ಗುರುತು ಹಾಕಿ, ಬೆಂಡಿನ ಗೆರೆಗಳು ಬೇರೆಯಾಗಿ ಬರುವಂತೆ ನೋಡಿಕೊಳ್ಳಿ. ಬಿಡಿಸಿದ ಮೇಲೆ ತಕ್ಷಣ ಅಳೆಯಿರಿ. 274.26 × 194.26 ಬಂದಿದೆಯೇ, ಗೆರೆ 38.57ರಲ್ಲಿ ಇದೆಯೇ? ಕಾಗದದ ಲೆಕ್ಕದೊಂದಿಗೆ 0.02ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಲ್ಲೋ ಸಂಖ್ಯೆ ತಪ್ಪಾಗಿದೆ, ಹುಡುಕಿ.

ಬಿಡಿಸಲು ಆಗುವುದಿಲ್ಲ ಎಂದು ನಿಂತರೆ ಈ ಕಾರಣಗಳನ್ನು ಈ ಕ್ರಮದಲ್ಲೇ ನೋಡಿ. ಎಲ್ಲೋ ಒಂದು ಮೂಲೆ ಚೂಪಾಗಿಯೇ ಉಳಿದಿರಬಹುದು. ಯಾವುದೋ ನಿಂತ ಅಂಚಿಗೆ ಜಂಕ್ಷನ್ ಕೊಡಲು ಮರೆತು ಟ್ರೇ ಸುತ್ತಲೂ ಕೂಡಿಕೊಂಡಿರಬಹುದು. ಸುತ್ತ ಮುಚ್ಚಿದ ಡಬ್ಬಿ ಬಿಡಿಸಿಕೊಳ್ಳುವುದಕ್ಕೆ ಸಾಧ್ಯವೇ ಇಲ್ಲ. ಒಳ ಅಂಚಿಗೆ 2, ಹೊರ ಅಂಚಿಗೂ 2 ಎಂದು ಸಾದಾ ಫಿಲೆಟ್ (ಅಂಚನ್ನು ದುಂಡು ಮಾಡುವ ಟೂಲ್) ಹಾಕಿರಬಹುದು. ನೋಡಲು ಬೆಂಡಿನಂತೆಯೇ ಇರುತ್ತದೆ, ಆದರೆ ಮೂಲೆಯಲ್ಲಿ ದಪ್ಪ ಬದಲಾಗಿರುತ್ತದೆ, ಬೇರೆಯವರ ಫೈಲ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು. ತೂತು ಬೆಂಡಿನ ಮೇಲೇ ಹಾದುಹೋಗಿದ್ದರೆ ಮೊದಲು ಅದನ್ನು ಮುಚ್ಚಿ ಬಿಡಿಸಿ ನೋಡಿ, ಕಾರಣ ಅದೇ ಹೌದೋ ಅಲ್ಲವೋ ಗೊತ್ತಾಗುತ್ತದೆ. ಬಟ್ಟಲಿನಂತೆ ಎರಡೂ ದಿಕ್ಕಿಗೆ ಬಾಗಿದ ಮೈ ಇದ್ದರೆ ಯಾವ ಸಾಫ್ಟ್‌ವೇರೂ ಈ ಲೆಕ್ಕದಲ್ಲಿ ಬಿಡಿಸಲಾರದು. ಅದು ಮಡಚಿ ಆಗುವ ಆಕಾರವಲ್ಲ, ತಗಡು ಅಲ್ಲಿ ಹಿಗ್ಗಲೇಬೇಕು, ಅಂದರೆ ತಗಡನ್ನು ಎಳೆದು ಆಕಾರ ಕೊಡುವ ಡ್ರಾಯಿಂಗ್ ಪ್ರೆಸ್‌ನ ಕೆಲಸ.

ಸಾಲಿಡ್‌ವರ್ಕ್ಸ್‌ನಲ್ಲಿ, ಫ್ಯೂಶನ್‌ನಲ್ಲಿ ಈ ಕೆಲಸಕ್ಕೆ ಕನ್ವರ್ಟ್ ಟು ಶೀಟ್ ಮೆಟಲ್ ಎಂಬ ಟೂಲ್ ಇದೆ. ಮೆನು ಬೇರೆ, ಕೇಳುವ ಮೂರು ಸಂಖ್ಯೆ ಇವೇ.

ನಾಲ್ಕನೇ ಹೆಜ್ಜೆ: ಮಡಚಲು ಆಗುತ್ತದೆಯೇ?

ಪರದೆಯ ಮೇಲೆ ಮಡಚಿದ್ದೆಲ್ಲ ಮಷೀನಿನಲ್ಲಿ ಮಡಚಲು ಬರುವುದಿಲ್ಲ. ತಗಡಿನ ಅಂಚು ಡೈನ ಎರಡೂ ಭುಜಗಳ ಮೇಲೆ ಕೂರಬೇಕು, ಇಲ್ಲದಿದ್ದರೆ ಬಾಗುವ ಮಧ್ಯದಲ್ಲೇ ಜಾರಿ ಒಳಗೆ ಬೀಳುತ್ತದೆ. 12ರ ಡೈಗೆ ಮಡಿಕೆಯ ಹೊರ ಅಳತೆ ಕನಿಷ್ಠ 8.5 ಮಿ.ಮೀ. ಬೇಕು. ನಮ್ಮ 40ಕ್ಕೆ ತೊಂದರೆ ಇಲ್ಲ, ಆದರೆ ಮೇಲಂಚಿಗೆ 6 ಮಿ.ಮೀ. ಒಳಮಡಿಕೆ ಸೇರಿಸುವ ಆಸೆ ಇದ್ದರೆ ಈಗಲೇ ಕೈಬಿಡಿ ಅಥವಾ 10ಕ್ಕೆ ಏರಿಸಿ.

ತೂತಿನ ಅಂಚು ಬೆಂಡಿನ ಗೆರೆಯಿಂದ 6 ಮಿ.ಮೀ. ಒಳಗೆ ಬಂದರೆ, ಅಂದರೆ ಡೈ ಬಾಯಿಯ ಅರ್ಧಕ್ಕಿಂತ ಹತ್ತಿರವಾದರೆ, ಆ ಜಾಗದ ತಗಡಿಗೆ ಕೆಳಗೆ ಆಧಾರವಿಲ್ಲ. ದುಂಡು ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ, ಸ್ಕ್ರೂ ಕೂರುವುದಿಲ್ಲ. ಜಾಗ ಬದಲಾಯಿಸಲು ಆಗದಿದ್ದರೆ ಬೆಂಡ್ ಆದ ಮೇಲೆ ಡ್ರಿಲ್ ಮಾಡಿಸಿ.

ಮಡಚುವ ಕ್ರಮವನ್ನೂ ಯೋಚಿಸಿ. ಟ್ರೇನ ಮೊದಲ ಎರಡು ಬದಿ ಯಾವ ಪಂಚ್‌ನಲ್ಲಾದರೂ ಆಗುತ್ತವೆ. 120ರ ಎರಡು ಬದಿಗಳನ್ನು ಮೊದಲು ಎಬ್ಬಿಸಿದರೆ, ಆಮೇಲೆ 200ರ ಬದಿ ಮಡಚುವಾಗ ಪಂಚ್ ಆ ಎರಡು ಗೋಡೆಗಳ ನಡುವಿನ 197 ಮಿ.ಮೀ. ಜಾಗದಲ್ಲಿ ಇಳಿಯಬೇಕು. ತುಂಡು ತುಂಡಾಗಿ ಜೋಡಿಸುವ ಪಂಚ್ ಆ ವರ್ಕ್‌ಶಾಪಿನಲ್ಲಿ ಇದೆಯೇ ಎಂದು ಕೇಳಿಕೊಳ್ಳಿ.

ಐದನೇ ಹೆಜ್ಜೆ: ಡಿಎಕ್ಸ್‌ಎಫ್

ಲೇಸರ್ ಕಟಿಂಗ್‌ನವರಿಗೆ ಕಳಿಸುವ ಚಪ್ಪಟೆ ಚಿತ್ರದ ಫೈಲೇ ಡಿಎಕ್ಸ್‌ಎಫ್. ಅದರಲ್ಲಿ ಬೆಂಡಿನ ಗೆರೆ ಕಟಿಂಗ್ ಗೆರೆಯ ಲೇಯರ್‌ನಲ್ಲೇ ಇದ್ದರೆ ಲೇಸರ್ ಅದನ್ನೂ ಕತ್ತರಿಸಿಬಿಡುತ್ತದೆ, ಟ್ರೇ ಐದು ತುಂಡಾಗಿ ಕೈಗೆ ಬರುತ್ತದೆ. ಹೊರಗೆರೆ ಮತ್ತು ತೂತು ಒಂದು ಲೇಯರ್, ಬೆಂಡಿನ ಗೆರೆ ಇನ್ನೊಂದು ಬಣ್ಣದ ಲೇಯರ್, ಬರಹ ಮೂರನೆಯದು. ಹೊರಗೆರೆ ಎಲ್ಲೂ ಬಿಡದೆ ಕೂಡಿರಬೇಕು. ಒಂದರ ಮೇಲೊಂದು ಎರಡು ಗೆರೆ ಇದ್ದರೆ ಅದೇ ಜಾಗವನ್ನು ಲೇಸರ್ ಎರಡು ಸಲ ಸುಡುತ್ತದೆ. ತೂತುಗಳು ನಿಜವಾದ ವೃತ್ತಗಳಾಗಿಯೇ ಹೋಗಿವೆಯೇ ಎಂದು ದೊಡ್ಡದು ಮಾಡಿ ನೋಡಿ; ಸಣ್ಣ ಸಣ್ಣ ನೇರ ಗೆರೆಗಳಾಗಿದ್ದರೆ ಅಂಚು ಒರಟಾಗುತ್ತದೆ. ಅಳತೆ 1:1, ಮಿ.ಮೀ.

ಲೇಸರ್ ಕತ್ತರಿಸುವಾಗ ಸುಟ್ಟುಹೋಗುವ ಅಗಲಕ್ಕೆಂದು ನೀವು ಗೆರೆಯನ್ನು ಹೊರಗೆ ಸರಿಸಬೇಡಿ. ಅದನ್ನು ಕಟಿಂಗ್‌ನವರ ಪ್ರೋಗ್ರಾಂ ಸೇರಿಸುತ್ತದೆ, ಇಬ್ಬರೂ ಸೇರಿಸಿದರೆ ಭಾಗ ದೊಡ್ಡದಾಗುತ್ತದೆ. ಜೊತೆಗೊಂದು ಪಿಡಿಎಫ್ ಕಳಿಸಿ: ಬಿಡಿಸಿದ ಒಟ್ಟು ಅಳತೆ 274.26 × 194.26, ದಪ್ಪ, ಮೆಟೀರಿಯಲ್, ರೋಲಿಂಗ್ ದಿಕ್ಕಿನ ಬಾಣ, ಪ್ರತಿ ಬೆಂಡು ಮೇಲಕ್ಕೋ ಕೆಳಕ್ಕೋ, ಮಡಚಿದ ಮೇಲಿನ ಹೊರ ಅಳತೆ, ಲೆಕ್ಕಕ್ಕೆ ಹಿಡಿದ ಡೈ. ಫೈಲ್ ತೆರೆದಾಗ ಇಂಚೆಂದು ಓದಿಕೊಂಡು 25.4 ಪಟ್ಟು ದೊಡ್ಡದಾಗಿ ಬಂದರೆ, ಆ ಒಟ್ಟು ಅಳತೆ ನೋಡಿದವರಿಗೆ ಅಲ್ಲೇ ತಿಳಿಯುತ್ತದೆ.

ಮೊದಲ ಪೀಸ್

ಐವತ್ತು ಪೀಸ್ ಆರ್ಡರ್ ಇದ್ದರೂ ಮೊದಲು ಒಂದೇ ಕತ್ತರಿಸಿ ಮಡಚಿಸಿ. ಮಡಚುವ ಮೊದಲು ಚಪ್ಪಟೆ ತಗಡನ್ನು ಅಳೆಯಿರಿ, ಅದೇ 274.26 ಇಲ್ಲದಿದ್ದರೆ ತಪ್ಪು ಕಟಿಂಗ್‌ನಲ್ಲಿದೆ, ಕೆ ಮುಟ್ಟಬೇಡಿ. ಚಪ್ಪಟೆ ಸರಿಯಿದ್ದು, ಮಡಚಿದ ಮೇಲೆ ಗೋಡೆ 40.08, ತಳ 200.14, ಇನ್ನೊಂದು ಗೋಡೆ 40.08 ಬಂತು ಎನ್ನಿ. ಬೇರೆ ಲಾಟಿನ ಶೀಟ್ ಬಂದಾಗ, ಡೈ ಭುಜ ಸವೆದಾಗ ಹೀಗಾಗುತ್ತದೆ. ಮೊತ್ತ 280.30, ಅದರಲ್ಲಿ 274.26 ಕಳೆದು ಎರಡು ಬೆಂಡಿಗೆ ಹಂಚಿದರೆ 3.02. ಇದೇ ಈಗಿನ ಬೆಂಡ್ ಡಿಡಕ್ಷನ್. ಮೇಲಿನ ಲೆಕ್ಕದಲ್ಲೇ ಕೆ ತೆಗೆದರೆ 0.356 ಬರುತ್ತದೆ. ರೇಡಿಯಸ್ ಗೇಜ್ ಇಟ್ಟು ಒಳಗೆ 2 ಇನ್ನೂ ಹಾಗೇ ಇದೆ ಎಂದು ನೋಡಿದ ಮೇಲೆ ಹೊಸ ಕೆ ತುಂಬಿ ಮತ್ತೆ ಬಿಡಿಸಿ. ಉದ್ದ 273.96 ಆಗುತ್ತದೆ, ಬೆಂಡಿನ ಗೆರೆ ಅಂಚಿನಿಂದ 38.49ಕ್ಕೆ ಬರುತ್ತದೆ. ಪ್ರೆಸ್ ಬ್ರೇಕ್‌ನ ಬ್ಯಾಕ್ ಗೇಜನ್ನೂ (ತಗಡಿನ ಅಂಚು ತಾಗಿ ನಿಲ್ಲುವ ಹಿಂದಿನ ತಡೆ) ಅಷ್ಟಕ್ಕೆ ಬದಲಾಯಿಸಲು ಆಪರೇಟರ್‌ಗೆ ಹೇಳಿ, ಹಳೆಯ ಡಿಎಕ್ಸ್‌ಎಫ್ ಫೈಲನ್ನು ಫೋಲ್ಡರ್‌ನಿಂದ ಅಳಿಸಿ, ಹೊಸದಕ್ಕೆ ದಪ್ಪ, ಡೈ, ಕೆ ಮೂರನ್ನೂ ಸೇರಿಸಿ ಹೆಸರಿಡಿ.